ಓದುಗರ ಪ್ರಶ್ನೆ: ಎರಡು ಥರದ ಗುದ್ದು, ಒಂದು ಮ್ಯಾಂಟಿಸ್ ಶ್ರಿಂಪ್

ಹೋದ ಸಂಚಿಕೇಲಿ ಉಪ್ಪುನೀರಿನ ಟ್ಯಾಂಕ್ ಬಗ್ಗೆ ಬರೀತಾ ಮಧ್ಯದಲ್ಲಿ ಒಂದೇ ಒಂದು ಸಾಲು ಮ್ಯಾಂಟಿಸ್ ಶ್ರಿಂಪ್ ಬಗ್ಗೆ ಹೇಳಿದ್ದೆ, ಅದನ್ನ ಸಾಕೋದೇ ಬೇರೆ ಕಥೆ, ಇನ್ನೊಂದ್ಸಲ ಬರೀತೀನಿ ಅಂತ. ಅಷ್ಟಕ್ಕೇ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಎಲ್ರಿಗೂ ಅದರ ಗುದ್ದಿನ ಚಿಂತೆ. ನಮ್ಮ ಭಾಷೇಲಿ ಗುದ್ದು ಅಂದ್ರೆ ಮುಷ್ಟಿ ಕಟ್ಟಿ ಹೊಡೆಯೋದೂ ಹೌದು, ಇಲಿ ಹಾವು ಇರೋ ಬಿಲಾನೂ ಹೌದು. ಈ ಪ್ರಾಣಿಗೆ ಎರಡೂ ಬೇಕು. ನೀವೆಲ್ಲ ಮೊದಲನೇದನ್ನೇ ಕೇಳಿದೀರ, ನಾನು ಸಂದಿ ಸಿಕ್ಕಿದಾಗೆಲ್ಲ ಎರಡನೇದಕ್ಕೇ ಎಳ್ಕೊಂಡು ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರಲ್ಲಿ ಶ್ರಿಂಪ್ ಇದ್ರೂ ಇದು ಸೀಗಡಿ ಅಲ್ಲ, ಸೀಗಡಿ ಏಡಿಗಳ ದೂರದ ನೆಂಟ, ಸ್ಟೊಮಾಟೊಪೊಡ ಅನ್ನೋ ಬೇರೇನೇ ಗುಂಪು, 450ಕ್ಕಿಂತ ಹೆಚ್ಚು ಜಾತಿ ಇವೆ. ಮುಂಗಾಲು ಮಡಚಿಕೊಂಡು ಕೈಮುಗಿದ ಹಾಗೆ ಗಿಡದ ಮೇಲೆ ಕೂರತ್ತಲ್ಲ ಆ ಹುಳದ ಥರ ಇದೂ ಮುಂಗೈ ಮಡಚಿ ಕೂರತ್ತೆ, ಅದಕ್ಕೆ ಮ್ಯಾಂಟಿಸ್. ಆ ಮುಂಗೈ ಕೆಲವಕ್ಕೆ ಸುತ್ತಿಗೆ ಥರ, ಕೆಲವಕ್ಕೆ ಮುಳ್ಳಿರೋ ಈಟಿ ಥರ. ಸುತ್ತಿಗೆಯವು ಚಿಪ್ಪು ಒಡೆದು ತಿಂತವೆ, ಈಟಿಯವು ಮರಳಲ್ಲಿ ಹೂತು ಕೂತು ಮೇಲೆ ಹೋಗೋ ಮೀನನ್ನ ಚುಚ್ಚಿ ಎಳ್ಕೋತವೆ. ಇನ್ನು ಪ್ರಶ್ನೆಗಳು.

ಪ್ರಶ್ನೆ: ಸರ್, ಇದು ಗಾಜು ಒಡೆಯತ್ತೆ ಅಂತ ವಿಡಿಯೋದಲ್ಲಿ ನೋಡ್ದೆ. ಮನೇಲಿ ಚಿಕ್ಕ ಮಗು ಇದೆ, ಹೆಂಡ್ತಿ ಬೇಡವೇ ಬೇಡ ಅಂತಿದಾಳೆ. ನಿಜವಾಗ್ಲೂ ಒಡೆಯತ್ತಾ?

ಉತ್ತರ: ಒಡೆದಿದ್ದು ಉಂಟು. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಒಂದು ಅಕ್ವೇರಿಯಂನಲ್ಲಿ ಟೈಸನ್ ಅಂತ ಹೆಸರಿಟ್ಟಿದ್ದ ಒಂದು ಮ್ಯಾಂಟಿಸ್ ಕಾಲು ಇಂಚಿನ ಗಾಜು ಒಡೆದಿತ್ತು, ಅದು ಸುದ್ದಿ ಆಯ್ತು. ಅಷ್ಟು ವರ್ಷದ ಹಿಂದಿನದನ್ನ ಇವತ್ತಿಗೂ ಎಲ್ರೂ ಅದನ್ನೇ ಹೇಳ್ತಾರೆ ಅಂದ್ರೆ ಎಷ್ಟು ಅಪರೂಪ ನೋಡಿ.

ಆದ್ರೂ ಆ ಏಟನ್ನ ಹಗುರವಾಗಿ ತಗೊಳೋ ಹಾಗಿಲ್ಲ. ಶೀಲಾ ಪಟೇಕ್, ರಾಯ್ ಕ್ಯಾಲ್ಡ್‌ವೆಲ್ ಅನ್ನೋ ವಿಜ್ಞಾನಿಗಳೆಲ್ಲ ಸೇರಿ ಹೈಸ್ಪೀಡ್ ಕ್ಯಾಮೆರಾ ಇಟ್ಟು, ಸುತ್ತಿಗೆ ಗುಂಪಿನ ಬಣ್ಣಬಣ್ಣದ ದೊಡ್ಡ ಜಾತಿಯಾದ ನವಿಲು ಮ್ಯಾಂಟಿಸ್‌ನ ಹೊಡೆತ ಅಳೆದು 2004ರಲ್ಲಿ ಪ್ರಕಟಿಸಿದ್ರು, ವೇಗ ಸೆಕೆಂಡಿಗೆ 23 ಮೀಟರ್ ತನಕ, ಅಂದ್ರೆ ಗಂಟೆಗೆ 80 ಕಿಲೋಮೀಟರ್ ಮೇಲೆ, ಅದೂ ನೀರೊಳಗೆ. ಬರೀ ಮಾಂಸಖಂಡದಿಂದ ಇಷ್ಟು ಆಗಲ್ಲ, ಮುಂಗೈ ಬುಡದಲ್ಲಿ ಕುದುರೆ ಜೀನಿನ ಆಕಾರದ ಒಂದು ಸ್ಪ್ರಿಂಗ್ ಇದೆ, ಕೈಯನ್ನ ಕೊಂಡಿ ಹಾಕಿ ಆ ಸ್ಪ್ರಿಂಗನ್ನ ಬಿಗಿ ಮಾಡಿ ಇಟ್ಕೊಂಡು ಒಂದೇ ಸಲ ಬಿಡತ್ತೆ, ಬಿಲ್ಲು ಎಳೆದು ಬಿಟ್ಟ ಹಾಗೆ. ಆ ವೇಗಕ್ಕೆ ನೀರೇ ಸೀಳಿಕೊಂಡು ಆವಿಯ ಗುಳ್ಳೆ ಆಗತ್ತೆ, ಅದು ಕುಸಿದಾಗ ಇನ್ನೊಂದು ಏಟು, ಹಂಗಾಗಿ ಬಸವನಹುಳುಗೆ ಒಂದು ಹೊಡೆತಕ್ಕೆ ಎರಡು ಪೆಟ್ಟು. ಬಲ 1500 ನ್ಯೂಟನ್ ತನಕ ಅಳೆದಿದಾರೆ.

ಆದ್ರೆ ನಿಮ್ಮ ಟ್ಯಾಂಕಿಗೆ ಬರೋದು ಬಹುಶಃ ಐದಾರು ಸೆಂಟಿಮೀಟರಿನ ಸಣ್ಣ ಜಾತಿ. ಅದು ಗಾಜಿಗೆ ಟಕ್ ಅಂತ ಹೊಡೆಯತ್ತೆ, ನಿಮ್ಮ ಬೆರಳು ಕಂಡ್ರೆ ಹೊಡೆಯತ್ತೆ, ಗಾಜಲ್ಲಿ ತನ್ನ ನೆರಳು ಕಂಡ್ರೂ ಹೊಡೆಯತ್ತೆ, ಗಾಜಿಗೆ ಏನೂ ಆಗಲ್ಲ. ಯೋಚನೆ ಮಾಡ್ಬೇಕಾದ್ದು 18 ಸೆಂಟಿಮೀಟರ್ ತನಕ ಬೆಳೆಯೋ ನವಿಲು ಮ್ಯಾಂಟಿಸ್ ತರೋರು. ಅವರು ಅಕ್ರಿಲಿಕ್ ಟ್ಯಾಂಕ್ ತಗೊಂಡ್ರೆ ಒಳ್ಳೇದು, ಅಕ್ರಿಲಿಕ್ ಗಾಜಿನ ಥರ ಚೂರಾಗಲ್ಲ, ಏಟನ್ನ ನುಂಗತ್ತೆ, ಗೀರು ಬೀಳತ್ತೆ ಅಷ್ಟೇ. ಗಾಜೇ ಆದ್ರೆ ದಪ್ಪದ್ದು ಇರ್ಲಿ, ಮತ್ತೆ ತುಂಬ ಜನ ಮರೆಯೋದು ಏನಂದ್ರೆ ಟ್ಯಾಂಕಿನ ತಳ. ಇದು ಬಿಲ ತೋಡೋ ಪ್ರಾಣಿ, ತೋಡ್ತಾ ತೋಡ್ತಾ ತಳದ ಗಾಜು ಸಿಕ್ತು ಅಂದ್ರೆ ಅಲ್ಲಿ ಕಲ್ಲು ಇದೆ ಅಂದ್ಕೊಂಡು ದಿನಾ ಗುದ್ದತ್ತೆ, ನಾವು ಕಾವಲು ಕಾಯೋದು ಮುಂದಿನ ಗಾಜನ್ನ. ಮರಳು ಹಾಕೋಕೆ ಮುಂಚೆ ತಳಕ್ಕೆ ಒಂದು ಅಕ್ರಿಲಿಕ್ ಶೀಟ್ ಕತ್ತರಿಸಿ ಹಾಸಿಬಿಡಿ, ಆ ಚಿಂತೆ ಹೋಯ್ತು.

ಮಗುವಿನ ವಿಷಯಕ್ಕೆ, ಗಾಜಿಗಿಂತ ಮುಚ್ಚಳ ಮುಖ್ಯ. ಮಗು ನೀರೊಳಗೆ ಕೈ ಹಾಕದ ಹಾಗೆ ನೋಡ್ಕೊಳಿ. ಇಂಗ್ಲಿಷ್ ಮಾತಾಡೋ ಕಡೆಯ ಮೀನುಗಾರರು ಇದಕ್ಕೆ ಹೆಬ್ಬೆರಳು ಸೀಳೋದು ಅನ್ನೋ ಅರ್ಥದ ಹೆಸರೇ ಇಟ್ಟಿದಾರೆ, ಸುಮ್ಸುಮ್ನೆ ಇಟ್ಟಿರಲ್ಲ.

ಪ್ರಶ್ನೆ: ನಮ್ಮನೇಲಿ ಗೋಲ್ಡ್ ಫಿಶ್ ಇದ್ದ 40 ಲೀಟರ್ ಟ್ಯಾಂಕ್ ಖಾಲಿ ಬಿದ್ದಿದೆ. ಅದಕ್ಕೆ ಉಪ್ಪುನೀರು ಹಾಕಿ ನವಿಲು ಮ್ಯಾಂಟಿಸ್ ಬಿಡಬಹುದಾ? ಏನೇನು ಬೇಕು ಪೂರ್ತಿ ಹೇಳಿ ಪ್ಲೀಸ್.

ಉತ್ತರ: ನವಿಲು ಮ್ಯಾಂಟಿಸ್ 40 ಲೀಟರಿಗೆ ಬೇಡ, ಅದಕ್ಕೆ 150 ಲೀಟರ್ ಆದ್ರೂ ಇರ್ಲಿ. ಬಣ್ಣ ನೋಡಿ ಎಲ್ರೂ ಅದಕ್ಕೇ ಮರುಳಾಗ್ತಾರೆ, ನಾನೂ ಆಗಿದ್ದೆ, ಆದ್ರೆ ಸಾಕೋಕೆ ಅದು ಸುಲಭದ್ದಲ್ಲ, ಯಾಕೆ ಅಂತ ಕೆಳಗೆ ಇನ್ನೊಬ್ರ ಪ್ರಶ್ನೆಗೆ ಹೇಳಿದೀನಿ. ನಿಮ್ಮ ಟ್ಯಾಂಕಿಗೆ ಸರಿ ಹೋಗೋದು ನಿಯೋಗೊನೊಡ್ಯಾಕ್ಟೈಲಸ್ ವೆನ್ನೆರೆ ಥರದ ಸಣ್ಣ ಜಾತಿ. ಕೆರಿಬಿಯನ್ ಕಡೆಯದು, ಹಸಿರು, ಕಂದು, ಒಂದೊಂದು ಒಂದೊಂದು ಬಣ್ಣ. ನೋಡೋಕೆ ಸಾದಾ ಇರತ್ತೆ, ಗಟ್ಟಿ ಪಿಂಡ, ಧೈರ್ಯಾನೂ ಜಾಸ್ತಿ, ಹಗಲಲ್ಲೇ ತಲೆ ಹೊರಗೆ ಹಾಕಿ ಎರಡು ಕಣ್ಣನ್ನ ಒಂದೊಂದು ದಿಕ್ಕಿಗೆ ತಿರುಗಿಸ್ತಾ ನಿಮ್ಮನ್ನ ಅಳೀತಾ ಕೂರತ್ತೆ.

ಹಳೇ ಟ್ಯಾಂಕ್ ಅಂದ್ರಲ್ಲ, ಅದರಲ್ಲಿ ಮೀನಿಗೆ ಯಾವತ್ತಾದ್ರೂ ತಾಮ್ರ ಇರೋ ಔಷಧಿ ಹಾಕಿದ್ರಾ ನೆನಪು ಮಾಡ್ಕೊಳಿ. ಮೀನಿನ ಚುಕ್ಕೆ ರೋಗಕ್ಕೆ ಕೊಡೋ ಎಷ್ಟೋ ಔಷಧೀಲಿ ತಾಮ್ರ ಇರತ್ತೆ. ಮೀನು ತಡ್ಕೊಳೋ ಅಷ್ಟು ತಾಮ್ರ ಏಡಿ ಸೀಗಡಿ ಜಾತಿಗೆ ವಿಷ, ಅದು ಕಲ್ಲಲ್ಲಿ ಮರಳಲ್ಲಿ ಹಿಡ್ಕೊಂಡು ಕೂತು ನಿಧಾನಕ್ಕೆ ಬಿಡ್ತಾ ಇರತ್ತೆ. ಹಾಕಿದ್ದು ಹೌದಾದ್ರೆ ಆ ಕಲ್ಲು ಮರಳು ಫಿಲ್ಟರ್ ಸ್ಪಂಜು ಯಾವುದನ್ನೂ ಬಳಸಬೇಡಿ, ನನ್ನ ಕೇಳಿದ್ರೆ ಟ್ಯಾಂಕನ್ನೇ ಬಿಟ್ಟುಬಿಡಿ.

ನೀರಿಗೆ ಅಡುಗೆ ಉಪ್ಪು ನಡೆಯಲ್ಲ. ಅಕ್ವೇರಿಯಂಗೆ ಅಂತಲೇ ಸಿಗೋ ಸಮುದ್ರದ ಉಪ್ಪಿನ ಮಿಶ್ರಣ ಬೇಕು, ಅದರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಇರತ್ತೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಹಾಕಿ, ಬೇರೆ ಬಕೆಟ್ಟಲ್ಲಿ ಪಂಪ್ ಇಟ್ಟು ಒಂದು ದಿನ ಕಲಕಿ, ಆಮೇಲೆ ಅಳೆದು ನೋಡಿ, ಸಾಂದ್ರತೆ 1.024, 1.025 ಹತ್ರ ಬರ್ಬೇಕು. ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ತಗೊಳಿ, ಮುಳ್ಳು ತೇಲೋ ಪ್ಲಾಸ್ಟಿಕ್ ಡಬ್ಬಿಯದ್ದು ಒಂದು ಗುಳ್ಳೆ ಅಂಟಿದ್ರೂ ಸುಳ್ಳು ಹೇಳತ್ತೆ. ಉಷ್ಣಾಂಶ 24ರಿಂದ 26 ಡಿಗ್ರಿ. ಗಾಜಿನ ಹೀಟರ್ ಹಾಗೇ ಒಳಗೆ ನೇತು ಹಾಕಬೇಡಿ, ಟ್ಯಾಂಕ್ ಗಾಜು ಒಡೆಯದೇ ಇರೋದು ಹೀಟರ್ ಗಾಜನ್ನ ಒಡೆದುಬಿಡಬಹುದು, ಸುತ್ತ ಪ್ಲಾಸ್ಟಿಕ್ ಜಾಲರಿ ಇರ್ಲಿ, ಇಲ್ಲಾಂದ್ರೆ ಫಿಲ್ಟರ್ ಒಳಗಡೆ ಇಡಿ.

ಇನ್ನು ಎಲ್ಲಕ್ಕಿಂತ ಬೋರ್ ಹೊಡೆಸೋ ಕೆಲಸ, ಟ್ಯಾಂಕ್ ಪಕ್ವ ಆಗೋಕೆ ಬಿಡೋದು. ಮರಳು, ಲೈವ್ ರಾಕ್ (ಬ್ಯಾಕ್ಟೀರಿಯಾ, ಸಣ್ಣಪುಟ್ಟ ಜೀವಿಗಳು ಸೇರಿರೋ ಸಮುದ್ರದ ತೂತುಕಲ್ಲು), ನೀರು, ಪಂಪ್ ಎಲ್ಲ ಹಾಕಿ ಪ್ರಾಣಿ ಇಲ್ದೇ ಓಡ್ಸಿ, ಒಂದು ಚೂರು ಹಸಿ ಸೀಗಡಿ ಹಾಕಿ ಕೊಳೆಯೋಕೆ ಬಿಡಿ. ಕೊಳೆತಾಗ ಅಮೋನಿಯಾ ಬರತ್ತೆ, ಅದನ್ನ ತಿನ್ನೋ ಬ್ಯಾಕ್ಟೀರಿಯಾ ಹುಟ್ಟಿ ನೈಟ್ರೈಟ್ ಮಾಡ್ತವೆ, ಇನ್ನೊಂದು ಥರದವು ಅದನ್ನ ನೈಟ್ರೇಟ್ ಮಾಡ್ತವೆ. ಮೊದಲೆರಡು ವಿಷ, ಮೂರನೇದು ಅಷ್ಟು ತೊಂದರೆ ಇಲ್ಲ, ನೀರು ಬದಲಾಯಿಸಿದ್ರೆ ಹೋಗತ್ತೆ. ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಗೆ ಬಂದು ಸೊನ್ನೇಲೇ ನಿಲ್ಲೋ ತನಕ ಕಾಯ್ಬೇಕು, ನಾಲ್ಕರಿಂದ ಆರು ವಾರ ಅಂದ್ಕೊಳಿ. ಬಾಟಲಿ ಬ್ಯಾಕ್ಟೀರಿಯಾ ಹಾಕಿದೀನಿ ನಾಳೆನೇ ಬಿಡ್ತೀನಿ ಅನ್ನೋರಿಗೆ ನಾನು ಉತ್ತರಾನೇ ಬರಿಯಲ್ಲ.

ಆ ಆರು ವಾರದಲ್ಲಿ ಮಾಡೋಕೆ ಒಂದು ಒಳ್ಳೇ ಕೆಲಸ ಇದೆ, ಗುದ್ದು ಕಟ್ಟೋದು, ಬಿಲದ ಗುದ್ದು. ಪಿವಿಸಿ ಪೈಪ್ ತಗೊಳಿ, ಪ್ರಾಣಿ ಒಳಗೆ ಲಾಗ ಹಾಕಿ ತಿರುಗೋ ಅಷ್ಟು ಮಾತ್ರ ಅಗಲ, ಉದ್ದ ಅದರ ಮೈಗಿಂತ ಎರಡರಷ್ಟು ಇರ್ಲಿ. ಎರಡು ತುದಿಗೂ ಎಲ್ಬೋ ಹಾಕಿ ಮೇಲಕ್ಕೆ ತಿರುಗಿಸಿ, ನಡು ಭಾಗ ಮರಳಲ್ಲಿ ಪೂರ್ತಿ ಹೂತು ಎರಡು ಬಾಯಿ ಮಾತ್ರ ಕಲ್ಲಿನ ಸಂದಿಯಲ್ಲಿ ಹೊರಗೆ ಬರ್ಬೇಕು. ಅಂಟು ಬೇಡ, ಒತ್ತಿ ಕೂರಿಸಿದ್ರೆ ಸಾಕು. ಪೈಪ್ ತುಂಬ ದೊಡ್ಡದು ಆದ್ರೆ ಅದಕ್ಕೆ ಬೆನ್ನಿಗೆ ಗೋಡೆ ಇಲ್ದ ಹಾಗೆ ಅನ್ಸತ್ತೆ, ಒಳಗೆ ಕೂರಲ್ಲ. ಕಲ್ಲನ್ನ ಮರಳಿನ ಮೇಲೆ ಪೇರಿಸಬೇಡಿ, ತಳದ ಶೀಟ್ ಮೇಲೇ ಕೂರ್ಸಿ ಆಮೇಲೆ ಸುತ್ತ ಮರಳು ಹಾಕಿ, ಇಲ್ದಿದ್ರೆ ಇದು ಕಲ್ಲಿನ ಅಡಿ ತೋಡಿ ಅದರ ಮನೆ ಅದರ ಮೇಲೇ ಬೀಳತ್ತೆ. ಕೈತುಂಬ ಸಣ್ಣ ಕಲ್ಲು, ಹವಳದ ಚೂರು, ಖಾಲಿ ಚಿಪ್ಪು ಸುತ್ತ ಚೆಲ್ಲಿಡಿ, ಬಾಗಿಲಿಗೆ ಅದಕ್ಕೆ ಸಾಮಾನು ಬೇಕು. ನನ್ನ ಹತ್ರ ಇದ್ದಿದ್ದು ಬಂದ ಎರಡನೇ ರಾತ್ರೀನೇ ತನಗಿಂತ ದಪ್ಪ ಕಲ್ಲೊಂದನ್ನ ಎದೆಗೆ ಅವಚಿಕೊಂಡು ಹಿಂದಿಂದಕ್ಕೆ ಎಳ್ಕೊಂಡು ಬಂದು ಬಾಯಿಗೆ ಇಟ್ಟು, ಸರಿ ಹೋಗ್ಲಿಲ್ಲ ಅಂತ ಎತ್ತಿ ಬಿಸಾಕಿ ಇನ್ನೊಂದು ತಂತು, ಹಾಗೇ ಹದಿನೈದು ಇಪ್ಪತ್ತು ಸಲ. ಮನೆ ಕಟ್ಟಿಸೋರು ಬಾಗಿಲು ಆರಿಸಿದ ಹಾಗೆ.

ನೀರು ಆವಿ ಆದಾಗ ಉಪ್ಪು ಹೋಗಲ್ಲ, ನೀರು ಮಾತ್ರ ಹೋಗತ್ತೆ, ಅದಕ್ಕೆ ದಿನಾ ಕಡಿಮೆ ಆದಷ್ಟು ಬರೀ ಆರ್‌ಓ ನೀರು ಹಾಕಿ, ಉಪ್ಪುನೀರಲ್ಲ. ವಾರಕ್ಕೋ ಹದಿನೈದು ದಿನಕ್ಕೋ ನೂರಕ್ಕೆ ಹತ್ತು ಹದಿನೈದು ಭಾಗ ನೀರು ತೆಗೆದು ಹೊಸ ಉಪ್ಪುನೀರು ಹಾಕಿ. ಇಷ್ಟೇ.

ಪ್ರಶ್ನೆ: ತಂದು ಮೂರು ವಾರ ಚೆನ್ನಾಗಿತ್ತು, ಈಗ ಐದು ದಿನದಿಂದ ಎರಡೂ ಬಾಗಿಲಿಗೆ ಕಲ್ಲು ಹಾಕ್ಕೊಂಡು ಒಳಗೆ ಹೋಗಿದೆ, ಊಟಾನೂ ಇಲ್ಲ. ಸತ್ತು ಹೋಯ್ತಾ? ಕಲ್ಲು ಎತ್ತಿ ನೋಡ್ಲಾ?

ಉತ್ತರ: ಎತ್ತಬೇಡಿ. ಈ ಅಂಕಣದಲ್ಲಿ ಇನ್ನೇನೂ ಓದದೇ ಇದ್ರೂ ಇದೊಂದು ಓದಿ.

ಅದು ಪೊರೆ ಬಿಡ್ತಿದೆ, ನೂರಕ್ಕೆ ತೊಂಬತ್ತು ಪಾಲು. ಮೈಮೇಲಿನ ಚಿಪ್ಪು ಬೆಳೆಯಲ್ವಲ್ಲ, ಮೈ ಬೆಳೀಬೇಕು ಅಂದ್ರೆ ಹಳೇದು ಕಳಚಿ ಹೊಸದು ಗಟ್ಟಿ ಆಗ್ಬೇಕು. ಸಣ್ಣ ಜಾತಿಗಳು ಎರಡು ಮೂರು ತಿಂಗಳಿಗೊಮ್ಮೆ, ದೊಡ್ಡವು ಇನ್ನೂ ನಿಧಾನಕ್ಕೆ ಬಿಡ್ತವೆ. ಮುಂಚೆ ಊಟ ಬಿಡತ್ತೆ, ಬಾಗಿಲು ಮುಚ್ಚತ್ತೆ, ಕಳಚಿದ ಮೇಲೆ ಮೈ ಹಸಿ ತೊಗಲು, ಆ ಸುತ್ತಿಗೇನೂ ಮೆತ್ತಗೆ, ಅದರಲ್ಲಿ ಹೊಡೆದ್ರೆ ಕೈಗೇ ಏಟು. ಒಂದು ವಾರ ಅದಕ್ಕಿರೋ ರಕ್ಷಣೆ ಅಂದ್ರೆ ಆ ಗುದ್ದು ಒಂದೇ.

ನನ್ನ ಮೊದಲನೇದನ್ನ ನಾನೇ ಕೊಂದಿದ್ದು. ಆರನೇ ದಿನಕ್ಕೆ ತಾಳ್ಮೆ ಕೆಟ್ಟು ಪೈಪನ್ನ ಮರಳಿಂದ ಎತ್ತಿ ಟಾರ್ಚ್ ಬಿಟ್ಟೆ. ಒಳಗೆ ಎರಡು ಕಂಡ್ವು, ಒಂದು ಗಾಜಿನ ಥರ ಖಾಲಿ, ಒಂದು ಮಸುಕು ಬಣ್ಣದ್ದು ಪಕ್ಕಕ್ಕೆ ವಾಲಿಕೊಂಡು ಹೊಟ್ಟೆ ಅಡಿಯ ಕಿವಿರು ಆಡಿಸ್ತಾ ಇತ್ತು. ಪೈಪ್ ಓರೆ ಆಗಿದ್ದಕ್ಕೆ ಅದು ಜಾರಿ ಕಲ್ಲಿನ ಮೇಲೆ ಬಿತ್ತು, ಬಿದ್ದ ಸದ್ದೂ ಬರ್ಲಿಲ್ಲ ಅಷ್ಟು ಮೆತ್ತಗಿತ್ತು. ಮತ್ತೆ ಒಳಗೆ ಸೇರ್ಸೋಕೆ ನೋಡ್ದೆ, ಆಗ್ಲಿಲ್ಲ, ಮಾರನೇ ದಿನ ಬೆಳಿಗ್ಗೆ ಸತ್ತಿತ್ತು. ಅದಾದ್ಮೇಲೆ ಈ ವಿಷಯದಲ್ಲಿ ನಾನು ಸ್ವಲ್ಪ ಜೋರಾಗೇ ಮಾತಾಡ್ತೀನಿ, ಕ್ಷಮಿಸಿ.

ನೀವು ಮಾಡ್ಬೇಕಾದ್ದು ಅಮೋನಿಯಾ ಮಾತ್ರ ಟೆಸ್ಟ್ ಮಾಡ್ತಾ ಇರೋದು. ಒಳಗೆ ಸತ್ತು ಕೊಳೀತಿದ್ರೆ ಸಣ್ಣ ಟ್ಯಾಂಕಲ್ಲಿ ಅಮೋನಿಯಾ ಏರತ್ತೆ, ವಾಸನೆ ಬರತ್ತೆ. ಏರ್ದೇ ಇದ್ರೆ ಸುಮ್ನೆ ಇರಿ, ಎರಡು ವಾರ ಆದ್ರೂ ಸುಮ್ನೆ ಇರಿ. ಒಂದು ದಿನ ಬಾಗಿಲ ಹೊರಗೆ ಕೈಕಾಲು ಕಣ್ಣು ಎಲ್ಲ ಇರೋ ಪೂರ್ತಿ ಆಕಾರ ಬಿದ್ದಿರತ್ತೆ, ಅದನ್ನ ನೋಡಿ ಸತ್ತೇ ಹೋಯ್ತು ಅಂತ ಅಳಬೇಡಿ, ಮುಟ್ಟಿದ್ರೆ ಒಳಗೆ ಟೊಳ್ಳು, ಅದು ಹಳೇ ಅಂಗಿ. ಹೊರಗೆ ಬಂದ ಮೇಲೂ ನಾಲ್ಕೈದು ದಿನ ಚಿಪ್ಪಿರೋ ಊಟ ಬೇಡ, ಮೆತ್ತಗಿರೋದು ಕೊಡಿ.

ಒಂದು ಮಜಾ ವಿಷಯ, ಹೀಗೆ ಮೆತ್ತಗಿದ್ದಾಗ ಇನ್ನೊಂದು ಮ್ಯಾಂಟಿಸ್ ಬಿಲಕ್ಕೆ ಬಂದ್ರೆ ಇವು ಎರಡೂ ಮುಂಗೈ ಅಗಲಿಸಿ ಹೊಡೀತೀನಿ ಹುಷಾರ್ ಅನ್ನೋ ಹಾಗೆ ನಿಲ್ತವೆ, ಹೊಡೆಯೋ ಶಕ್ತಿ ಚೂರೂ ಇಲ್ದೇ. ಕ್ಯಾಲ್ಡ್‌ವೆಲ್ ಮತ್ತೆ ಅವರ ಜೊತೆಗಾರರು 1990ರಲ್ಲಿ ಇದನ್ನ ಬರೆದಿದಾರೆ. ಎದುರಿನದು ಎಷ್ಟೋ ಸಲ ನಂಬಿ ವಾಪಸ್ ಹೋಗತ್ತಂತೆ.

ಪ್ರಶ್ನೆ: ಒಂದೇ ಇದ್ರೆ ಬೇಜಾರಾಗಲ್ವಾ? ಜೊತೆಗೆ ಕ್ಲೌನ್ ಫಿಶ್ ಬಿಡಬಹುದಾ?

ಉತ್ತರ: ಬಿಡಬಹುದು, ಊಟ ಅಂತ. ಬೇಜಾರು ನಮಗೆ, ಅದಕ್ಕಲ್ಲ.

ಪ್ರಶ್ನೆ: ಫ್ರೋಜನ್ ಸೀಗಡಿ ಮಾತ್ರ ಹಾಕ್ತಿದೀನಿ, ತಿಂತಿದೆ. ಇಷ್ಟು ಸಾಕಾ? ಬದುಕಿರೋ ಬಸವನಹುಳು ಹಾಕೋಕೆ ಮನಸ್ಸು ಬರಲ್ಲ.

ಉತ್ತರ: ನಿಮ್ಮ ಮನಸ್ಸು ಅರ್ಥ ಆಗತ್ತೆ. ಫ್ರೋಜನ್ ಸೀಗಡಿ, ಕಪ್ಪೆಚಿಪ್ಪಿನ ಮಾಂಸ, ಸ್ಕ್ವಿಡ್, ಹೀಗೆ ಬದಲಾಯಿಸಿ ಕೊಟ್ರೆ ಹೊಟ್ಟೆಗೆ ಸಾಕು, ವಾರಕ್ಕೆ ಎರಡು ಮೂರು ಸಲ, ಅದರ ಕಣ್ಣಿನ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಚೂರು. ಉದ್ದ ಪ್ಲಾಸ್ಟಿಕ್ ಕಡ್ಡಿ ತುದಿಗೆ ಸಿಕ್ಕಿಸಿ ಬಾಗಿಲ ಹತ್ರ ಹಿಡೀರಿ, ಒಂದು ಗಂಟೆ ಆದ್ಮೇಲೆ ಉಳಿದಿದ್ರೆ ತೆಗೀರಿ. ಆದ್ರೆ ಸುತ್ತಿಗೆ ಇರೋದು ಹೊಡೆಯೋಕೆ. ಕಾಡಲ್ಲಿ ಇಲಿ ಹಲ್ಲು ಸವೆಸಿದ ಹಾಗೆ ಇದಕ್ಕೂ ಗಟ್ಟಿ ಪದಾರ್ಥ ಬೇಕು, ಕೆಲಸಾನೂ ಬೇಕು. ಬದುಕಿರೋದು ಬೇಡ ಅಂದ್ರೆ ಮಧ್ಯದ ದಾರಿ ಇದೆ, ಚಿಪ್ಪು ಸಮೇತ ಫ್ರೋಜನ್ ಸಿಗೋ ಸಣ್ಣ ಕಪ್ಪೆಚಿಪ್ಪು ಕರಗಿಸಿ ಕೊಡಿ, ಅಥವಾ ಖಾಲಿ ಬಸವನಹುಳು ಚಿಪ್ಪಿಗೆ ಸೀಗಡಿ ಚೂರು ತುರುಕಿ ಕೊಡಿ. ನನ್ನದಕ್ಕೆ ಇದನ್ನೇ ಮಾಡ್ತಿದ್ದೆ, ಗೊತ್ತಾಗ್ತಿತ್ತೋ ಇಲ್ವೋ, ದೂರು ಬರ್ಲಿಲ್ಲ.

ಒಮ್ಮೆ ಹತ್ರ ಕೂತು ನೋಡಿ. ಚಿಪ್ಪನ್ನ ತಗೊಂಡ ತಕ್ಷಣ ಹೊಡೆಯಲ್ಲ. ಮೊದ್ಲು ಮೀಸೆಯಿಂದ ತಟ್ಟಿ ತಟ್ಟಿ ಎಲ್ಲಿ ತೆಳ್ಳಗಿದೆ ಅಂತ ನೋಡತ್ತೆ, ತಿರುಗಿಸತ್ತೆ, ಒಂದು ಕಲ್ಲಿಗೆ ಆನಿಸಿ ಅಲುಗದ ಹಾಗೆ ಇಡತ್ತೆ, ಸ್ವಲ್ಪ ಹಿಂದೆ ಸರಿಯತ್ತೆ, ಟಕ್. ಮತ್ತೆ ತಟ್ಟತ್ತೆ, ಅರ್ಧ ಸುತ್ತು ತಿರುಗಿಸತ್ತೆ, ಟಕ್ ಟಕ್. ಚಿಪ್ಪಿನ ಬಾಯಿ ಅಂಚು ಚೂರು ಚೂರಾಗಿ ಹಾರಿ ಹೋಗತ್ತೆ, ನಾವು ತೆಂಗಿನಕಾಯಿ ಒಡೆಯೋವಾಗ ಕಣ್ಣು ಹುಡುಕಲ್ವಾ ಹಾಗೆ. ತಿಂದಾದ ಮೇಲೆ ಚಿಪ್ಪಿನ ಚೂರನ್ನೆಲ್ಲ ಗುಡಿಸಿ ಬಾಗಿಲ ಹೊರಗೆ ರಾಶಿ ಹಾಕತ್ತೆ. ಆ ರಾಶೀನ ಪೂರ್ತಿ ತೆಗೀಬೇಡಿ, ಅರ್ಧ ಬಿಡಿ, ಬಾಗಿಲಿಗೆ ಆಗತ್ತೆ.

ಪ್ರಶ್ನೆ: ನನ್ನ ನವಿಲು ಮ್ಯಾಂಟಿಸ್ ಬೆನ್ನ ಮೇಲೆ ಕಂದು ಗುಳಿ ಬಿದ್ದಿದೆ, ದಿನಾ ದೊಡ್ಡದಾಗ್ತಿದೆ. ಬಣ್ಣ ಚೆನ್ನಾಗಿ ಕಾಣ್ಲಿ ಅಂತ ಹವಳದ ಟ್ಯಾಂಕಿನ ಲೈಟ್ ಹಾಕಿದೀನಿ.

ಉತ್ತರ: ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ. ಇದಕ್ಕೆ ಚಿಪ್ಪು ಕೊಳೆ ರೋಗ ಅಂತೀವಿ, ಚಿಪ್ಪಿನ ಮೇಲ್ಪದರಕ್ಕೆ ಪೆಟ್ಟಾದ ಕಡೆ ಬ್ಯಾಕ್ಟೀರಿಯಾ ಸೇರಿ ತಿಂತಾ ಹೋಗತ್ತೆ. ಸಾಕಿರೋ ನವಿಲು ಮ್ಯಾಂಟಿಸ್‌ಗೆ ಇದು ಬರೋದು ಜಾಸ್ತಿ, ಮೇಲೆ ಆ ಜಾತಿ ಸುಲಭ ಅಲ್ಲ ಅಂದಿದ್ದು ಇದಕ್ಕೇ. ಸಾಕಿ ಅನುಭವ ಇರೋರು ಎಲ್ರೂ ಹೇಳೋ ಕಾರಣ ಎರಡು, ಪ್ರಖರ ಬೆಳಕು ಮತ್ತೆ ಕೆಟ್ಟ ನೀರು. ಈ ಪ್ರಾಣಿ ಸಹಜವಾಗಿ ಇರೋದು ಹವಳದ ದಿಬ್ಬದ ಬುಡದಲ್ಲಿ, ಮರಳು ಮತ್ತೆ ಕಲ್ಲುಚೂರಿನ ಮಧ್ಯೆ ತಾನೇ ತೋಡ್ಕೊಂಡ ಯು ಆಕಾರದ ಬಿಲದಲ್ಲಿ, ಹಗಲಲ್ಲಿ ಬಹಳ ಹೊತ್ತು ಒಳಗೇ. ನೀವು ಅದನ್ನ ಮಧ್ಯಾಹ್ನದ ಬಿಸಿಲಿಗೆ ಕೂರ್ಸಿದೀರ.

ಇವತ್ತೇ ಲೈಟ್ ಕಡಿಮೆ ಮಾಡಿ, ಮಂದ ನೀಲಿ ಬೆಳಕು ದಿನಕ್ಕೆ ಕೆಲವು ಗಂಟೆ ಸಾಕು. ಪೈಪಿನ ಒಳಗೆ ಒಂದಿಷ್ಟೂ ಬೆಳಕು ಹೋಗಬಾರದು, ಪಾರದರ್ಶಕ ಪೈಪ್ ಹಾಕಿ ಒಳಗಡೆ ನೋಡೋ ಆಸೆ ಇದ್ರೆ ಬಿಟ್ಟುಬಿಡಿ. ನೀರು ಸ್ವಲ್ಪ ಸ್ವಲ್ಪ, ಜಾಸ್ತಿ ಸಲ ಬದಲಾಯಿಸಿ, ನೈಟ್ರೇಟ್ ಇಳಿಸಿ. ಸಣ್ಣ ಗುಳಿ ಆದ್ರೆ ಮುಂದಿನ ಪೊರೆ ಜೊತೆ ಹೋಗೋ ಸಾಧ್ಯತೆ ಇದೆ. ಒಳಗಿನ ಮಾಂಸಕ್ಕೆ ಅಂಟಿಕೊಂಡಿದ್ರೆ ಪೊರೆ ಬಿಡೋವಾಗಲೇ ಸಿಕ್ಕಿ ಹಾಕ್ಕೊಂಡು ಸಾಯತ್ತೆ, ಸುಳ್ಳು ಸಮಾಧಾನ ಹೇಳಲ್ಲ. ಮೀನಿನ ಔಷಧಿ ಸುರೀಬೇಡಿ, ತಾಮ್ರದ ಮಾತು ಮೇಲೇ ಆಗಿದೆ.

ಪ್ರಶ್ನೆ: ಅಣ್ಣಾ, ನಾನು ಮ್ಯಾಂಟಿಸ್ ಸಾಕಿಲ್ಲ, ನನ್ನದು ಹವಳದ ಟ್ಯಾಂಕ್. ರಾತ್ರಿ ಲೈಟ್ ಆಫ್ ಆದ್ಮೇಲೆ ಟಕ್ ಟಕ್ ಸದ್ದು, ಎರಡು ಮೀನು ಕಾಣ್ತಿಲ್ಲ. ಏನದು?

ಉತ್ತರ: ಕರೀದೇ ಬಂದ ನೆಂಟ ಇರಬೇಕು. ಲೈವ್ ರಾಕ್ ತೂತುಗಳಲ್ಲಿ ಸಣ್ಣ ಮ್ಯಾಂಟಿಸ್ ಅಡಗಿಕೊಂಡು ಬರೋದು ಮಾಮೂಲಿ. ಆದ್ರೆ ಪಿಸ್ತೂಲ್ ಸೀಗಡೀನೂ ಸದ್ದು ಮಾಡತ್ತೆ, ಅದು ಚಿಟಿಕೆ ಹೊಡೆದ ಹಾಗೆ ಒಂಟಿ ಸದ್ದು, ಸಾಮಾನ್ಯವಾಗಿ ಮೀನಿನ ತಂಟೆಗೆ ಹೋಗಲ್ಲ. ಕೆಳಗೆ ಬಸವನಹುಳು ಚಿಪ್ಪು ಬಾಯಿ ಕಡೆಯಿಂದ ಚೂರಾಗಿ ಬಿದ್ದಿದ್ರೆ ಮ್ಯಾಂಟಿಸ್ ಅಂತ ಗಟ್ಟಿ ಅಂದ್ಕೊಳಿ. ರಾತ್ರಿ ಕೆಂಪು ಟಾರ್ಚಲ್ಲಿ ಕೂತು ಯಾವ ತೂತು ಅಂತ ಗುರುತು ಹಿಡೀರಿ, ಆ ಕಲ್ಲನ್ನ ಎತ್ತಿ ಬಕೆಟ್ ಮೇಲೆ ಹಿಡಿದು ತೂತಿಗೆ ಸಿರಿಂಜಲ್ಲಿ ಸಕ್ಕರೆ ಇಲ್ಲದ ಬರೀ ಸೋಡಾ ನೀರು ಹಾಕಿ, ಸಾಮಾನ್ಯವಾಗಿ ಓಡಿ ಹೊರಗೆ ಬರತ್ತೆ. ಬಂದ ತಕ್ಷಣ ಉಪ್ಪುನೀರಿಗೆ ಬಿಡಿ. ಕೊಲ್ಲಬೇಡಿ ಅಂತ ಕೇಳ್ಕೋತೀನಿ, ಮೇಲೆ 40 ಲೀಟರ್ ಟ್ಯಾಂಕ್ ಖಾಲಿ ಇಟ್ಕೊಂಡಿರೋ ಥರದವರು ತುಂಬ ಜನ ಇದಾರೆ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ಮನುಷ್ಯರಿಗಿಂತ ಸಾವಿರಪಟ್ಟು ಬಣ್ಣ ನೋಡತ್ತೆ ಅಂತಾರಲ್ಲ, ನಿಜಾನಾ ಸರ್?

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಾ, ಮತ್ತೆ ಉತ್ತರ ಸ್ವಲ್ಪ ನಿರಾಸೆ. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯೋ ಕೋಶ ಮೂರು ಥರ, ಇದರಲ್ಲಿ ಹನ್ನೆರಡು ಥರ ತನಕ. ಹಂಗಾಗಿ ಎಲ್ರೂ ನಾಲ್ಕರಷ್ಟು ಚೆನ್ನಾಗಿ ಬಣ್ಣ ಕಾಣತ್ತೆ ಅಂದ್ಕೊಂಡಿದ್ರು. 2014ರಲ್ಲಿ ಬಂದ ಸಂಶೋಧನೇಲಿ ಮ್ಯಾಂಟಿಸ್‌ಗೆ ಒಂದು ಬಣ್ಣ ಆರಿಸಿದ್ರೆ ಊಟ ಅಂತ ಕಲಿಸಿ, ಬಣ್ಣಗಳನ್ನ ಹತ್ತಿರ ಹತ್ತಿರ ತರ್ತಾ ಹೋದ್ರು. ಎರಡು ಬಣ್ಣದ ಬೆಳಕಿನ ಅಲೆಯ ಉದ್ದದ ಮಧ್ಯೆ 12ರಿಂದ 25 ನ್ಯಾನೋಮೀಟರಿಗಿಂತ ಕಡಿಮೆ ಅಂತರ ಇದ್ದಾಗ ಅವು ತಡವರಿಸಿದ್ವು, ನಾವಾದ್ರೆ ಕೆಲವೇ ನ್ಯಾನೋಮೀಟರ್ ಅಂತರ ಇದ್ರೂ ಹೇಳ್ತೀವಿ. ಅಂದ್ರೆ ಅದು ಎರಡು ಬಣ್ಣ ಹೋಲಿಸಿ ಲೆಕ್ಕ ಹಾಕಲ್ಲ, ಯಾವ ಕೋಶ ಮಿನುಗ್ತು ಅಂತ ನೋಡಿ ಪಟ್ ಅಂತ ಗುರುತು ಹಿಡಿಯತ್ತೆ, ಹಾಗಂತ ಸಂಶೋಧಕರ ಊಹೆ. ಆದ್ರೆ ನಮಗೆ ಕಾಣದ ಅತಿನೇರಳೆ ಅದಕ್ಕೆ ಕಾಣತ್ತೆ, ಸುತ್ತುತ್ತಾ ಬರೋ ಒಂದು ಥರದ ಧ್ರುವೀಕೃತ ಬೆಳಕೂ ಕೆಲವು ಜಾತಿಗೆ ಕಾಣತ್ತೆ ಅಂತ 2008ರಲ್ಲಿ ಗೊತ್ತಾಯ್ತು, ಅದೇನು ಅಂತ ನಿಮ್ಮ ಫಿಸಿಕ್ಸ್ ಮೇಡಂನ ಕೇಳು. ಇನ್ನೊಂದು, ಅದರ ಒಂದೊಂದು ಕಣ್ಣಲ್ಲೂ ಮೂರು ಕರಿ ಚುಕ್ಕೆ ಕಾಣ್ತವೆ ನೋಡು, ಒಂದೇ ಕಣ್ಣಿನ ಮೂರು ಭಾಗ ಒಂದೇ ಜಾಗ ನೋಡತ್ತೆ, ಅದಕ್ಕೆ ಎಷ್ಟು ದೂರ ಇದೆ ಅಂತ ತಿಳಿಯೋಕೆ ಒಂದು ಕಣ್ಣೇ ಸಾಕು.

ಪ್ರಶ್ನೆ: ಒಂದು ವಾರ ಮನೇಲಿರಲ್ಲ. ಪಕ್ಕದ ಮನೆಯವರಿಗೆ ಊಟ ಹಾಕೋಕೆ ಹೇಳಿ ಹೋಗ್ಲಾ?

ಉತ್ತರ: ಊಟ ಹಾಕೋದು ಬೇಡ ಅಂತ ಹೇಳಿ ಹೋಗಿ. ಚೆನ್ನಾಗಿ ತಿಂದಿರೋ ದೊಡ್ಡ ಮ್ಯಾಂಟಿಸ್ ಒಂದು ವಾರ ಉಪವಾಸ ಇರತ್ತೆ, ಗೊತ್ತಿಲ್ಲದವರು ಪ್ರೀತಿಯಿಂದ ಮುಷ್ಟಿ ತುಂಬ ಸೀಗಡಿ ಹಾಕಿ ಅದು ಕೊಳೆತ್ರೆ ಉಳಿಯಲ್ಲ. ಟ್ಯಾಂಕಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ, ಆರ್‌ಓ ನೀರು ಬಾಟಲಿಗಳಲ್ಲಿ ತುಂಬಿ ಪಕ್ಕದಲ್ಲಿಡಿ, ಮಟ್ಟ ಟೇಪಿಗಿಂತ ಕೆಳಗಿಳಿದ್ರೆ ಟೇಪ್ ತನಕ ಹಾಕಿ ಅಂತ ಹೇಳಿ, ಪಂಪ್ ಓಡ್ತಿದೆಯಾ ಅಂತ ದಿನಾ ಒಮ್ಮೆ ನೋಡ್ಲಿ. ಗಾಜಿಗೆ ಬೆರಳಲ್ಲಿ ತಟ್ಟಬೇಡಿ ಅಂತಾನೂ ಹೇಳಿ. ಮತ್ತೆ ಬಾಗಿಲಿಗೆ ಕಲ್ಲು ಹಾಕ್ಕೊಂಡಿದ್ರೆ ಗಾಬರಿಯಾಗಿ ನಿಮಗೆ ಫೋನ್ ಮಾಡೋದು ಬೇಡ.